ಸ್ಕೂಟರ್ ಕಲಿಸಿದ ಕಾಲು: ಬಾಲಿಯಲ್ಲಿ ಒಂದು ಎಟಿವಿ ಪಲ್ಟಿಯ ಪ್ರಕರಣ ಅಧ್ಯಯನ

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ, ಉಬುದ್ ಪಟ್ಟಣದಾಚೆಯ ಗದ್ದೆ ಬಯಲಿನ ನಡುವೆ, ಎಟಿವಿ ಎಂಬ ನಾಲ್ಕು ಚಕ್ರದ ಒರಟು ದಾರಿ ಬೈಕಿನ ಸವಾರಿಗೆ ಹೋಗಿದ್ದ ಗಂಡ ಹೆಂಡತಿಯ ಗಾಡಿ ಕೆಸರಿನ ಏರೊಂದರಲ್ಲಿ ಎಡಕ್ಕೆ ಪಲ್ಟಿಯಾಯಿತು. ವೇಗ ಗಂಟೆಗೆ 10 ಕಿ.ಮೀ. ಕೂಡ ಇರಲಿಲ್ಲ. ಹಿಂದೆ ಕೂತಿದ್ದ ಹೆಂಡತಿಯ ಎಡಗಡೆಯ ಕಾಲರ್ ಬೋನ್ ಮುರಿಯಿತು. ಓಡಿಸುತ್ತಿದ್ದ ಗಂಡನ ಎಡ ಹಿಮ್ಮಡಿಯ ಮೇಲೆ ಅವರದೇ ಗಾಡಿಯ ಹಿಂದಿನ ಚಕ್ರ ಹತ್ತಿ, ಪಾದ ಊದಿಕೊಂಡು ಮೂರು ವಾರ ಕುಂಟುವಂತಾಯಿತು.

ಹೆಂಡತಿ ನನ್ನ ತಂಗಿ, ಗಂಡ ನನ್ನ ಭಾವ. ಊರು ದಾವಣಗೆರೆ. ನಾನು ಬೆಂಗಳೂರಿನಲ್ಲಿ ವಾಹನಗಳ ಸಸ್ಪೆನ್ಷನ್ ಮತ್ತು ಸ್ಥಿರತೆಯ ಮೇಲೆ ಕೆಲಸ ಮಾಡುವ ಎಂಜಿನಿಯರ್. ಪಲ್ಟಿಯ ಪೂರ್ತಿ ವಿಡಿಯೊ ಇದೆ. ಎಕ್ಸ್‌ರೇ, ಆಸ್ಪತ್ರೆಯ ಕಾಗದ, ವಿಮೆಯ ಪತ್ರವ್ಯವಹಾರ ಎಲ್ಲವನ್ನೂ ಅವರಿಬ್ಬರೂ ನನ್ನ ಕೈಗೆ ಕೊಟ್ಟು, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. "ಹೆಸರು ಬೇಡ ಅಣ್ಣ, ಮಿಕ್ಕಿದ್ದೆಲ್ಲ ಬರಿ" ಅಂದಳು ತಂಗಿ.

ಬರೆಯಲೇಬೇಕು ಅನ್ನಿಸಿದ್ದಕ್ಕೆ ಒಂದೇ ಕಾರಣ. ಇಂಥ ಅಪಘಾತ ಕೇಳಿದ ಕೂಡಲೇ ಜನ ವೇಗದ ಮಾತಾಡುತ್ತಾರೆ, ಇಲ್ಲವೇ ಅನುಭವ ಇರಲಿಲ್ಲ ಅನ್ನುತ್ತಾರೆ. ಇಲ್ಲಿ ವೇಗ ಇರಲೇ ಇಲ್ಲ. ಅನುಭವವಂತೂ ಧಾರಾಳವಾಗಿತ್ತು. ಭಾವನಿಗೆ 43 ವರ್ಷ, ಕಾಲೇಜಿನ ದಿನಗಳಿಂದ ಬೈಕು, ಆಮೇಲೆ ಸ್ಕೂಟರು, ಒಂದು ಸಲವೂ ಬಿದ್ದವರಲ್ಲ. ಅವರನ್ನು ಆ ದಿನ ಕೆಡವಿದ್ದು ಆ ಅನುಭವವೇ ಎನ್ನುವುದು ವಿಡಿಯೊ ನೋಡಿದಷ್ಟೂ ನನಗೆ ಗಟ್ಟಿಯಾಗಿದೆ. ನಮ್ಮಲ್ಲಿ ಇಪ್ಪತ್ತು ವರ್ಷ ದ್ವಿಚಕ್ರ ವಾಹನ ಓಡಿಸಿದ ಯಾರೇ ಆಗಲಿ, ಆ ಏರಿನಲ್ಲಿ ಅವರು ಮಾಡಿದ್ದನ್ನೇ ಮಾಡುತ್ತಿದ್ದರು.

ಜಾಗ ಮತ್ತು ಗಾಡಿ

2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ ಇಂಡಿಗೋ ನೇರ ವಿಮಾನ ಶುರುವಾದ ಮೇಲೆ ನಮ್ಮ ಕಡೆಯ ಕುಟುಂಬಗಳಿಗೆ ಬಾಲಿ ಹತ್ತಿರವಾಗಿದೆ. ಇವರು ಹೋಗಿದ್ದು ಕ್ರಿಸ್‌ಮಸ್ ರಜೆಯಲ್ಲಿ. ತಂಗಿ, ಭಾವ, 13 ವರ್ಷದ ಮಗಳು, ಭಾವನ ತಾಯಿ. ಡಿಸೆಂಬರ್ ಅಲ್ಲಿ ಮಳೆಗಾಲ. ನಮಗೆ ಅದು ಚಳಿಗಾಲದ ರಜೆ ಎಂದಷ್ಟೇ ತಲೆಯಲ್ಲಿರುತ್ತದೆ, ಭೂಮಧ್ಯರೇಖೆಯ ತೆಂಕಣಕ್ಕೆ ಹೋಗುತ್ತಿದ್ದೇವೆ ಎಂಬುದು ಹೊಳೆಯುವುದಿಲ್ಲ. ಅಕ್ಟೋಬರ್ ಕಳೆದ ಮೇಲೆ ಮಾರ್ಚ್‌ವರೆಗೂ ಬಾಲಿಯಲ್ಲಿ ಮಳೆ ಸುರಿಯುತ್ತದೆ.

ಉಬುದ್ ಇರುವುದು ದ್ವೀಪದ ನಡುವಿನ ಗ್ಯಾನ್ಯಾರ್ ಜಿಲ್ಲೆಯಲ್ಲಿ. ಬಡಗಣದ ಜ್ವಾಲಾಮುಖಿ ಬೆಟ್ಟಗಳಿಂದ ತೆಂಕಣಕ್ಕೆ ಹರಿಯುವ ಹೊಳೆಗಳು ಅಲ್ಲಿ ನೆಲವನ್ನು ಆಳವಾದ ಕಂದರಗಳಾಗಿ ಸೀಳಿವೆ. ಕಂದರಗಳ ಮೇಲೆ ಮೆಟ್ಟಿಲು ಗದ್ದೆ, ಕೆಳಗೆ ಬಿದಿರು, ತೆಂಗು. ಗದ್ದೆಗಳಿಗೆ ನೀರು ಹಂಚುವ ಸುಬಕ್ ಎಂಬ ಸಹಕಾರಿ ಪದ್ಧತಿಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಟಿವಿ ದಾರಿಗಳು ಈ ಗದ್ದೆ ಬದು, ಹೊಳೆ ದಂಡೆ, ತೋಟದ ಸಂದಿಗಳಲ್ಲೇ ಹಾದು ಹೋಗುತ್ತವೆ. ಒಣಗಿದ್ದಾಗ ಗಟ್ಟಿಯಾಗಿರುವ ಜ್ವಾಲಾಮುಖಿ ಬೂದಿಯ ಮಣ್ಣು, ಮಳೆ ಬಿದ್ದ ಅರ್ಧ ಗಂಟೆಗೆ ಸೋಪು ಹಚ್ಚಿದ ಹಾಗಾಗುತ್ತದೆ. ಪ್ರವಾಸಿಗರಿಗೆ ಬೇಕಿರುವುದೂ ಆ ಕೆಸರೇ. ಬಟ್ಟೆಯೆಲ್ಲ ಕೆಸರಾದರೇ ಫೋಟೊ ಚೆನ್ನ.

ಗಾಡಿ ಎಂದರೆ ದಪ್ಪ ಟೈರಿನ, ನಾಲ್ಕು ಚಕ್ರದ, ಬೈಕಿನ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ಎಟಿವಿ. ನಮ್ಮ ಸಕಲೇಶಪುರ, ಕೊಡಗಿನ ರೆಸಾರ್ಟುಗಳಲ್ಲಿ ಕ್ವಾಡ್ ಬೈಕ್ ಅನ್ನುವುದು ಇದನ್ನೇ. ತೂಕ ಸುಮಾರು 200 ಕೆ.ಜಿ., ಅಂದರೆ ಸ್ಕೂಟರಿನ ಹೆಚ್ಚುಕಡಿಮೆ ಎರಡರಷ್ಟು. ಗೇರ್ ಬದಲಿಸುವ ರಗಳೆ ಇಲ್ಲ. ಬ್ರೇಕು ಸ್ಕೂಟರಿನಂತೆಯೇ ಹ್ಯಾಂಡಲಿನ ಎರಡೂ ಕಡೆ. ಎಕ್ಸಲೇಟರ್ ಮಾತ್ರ ಬೇರೆ. ಹಿಡಿಯನ್ನು ತಿರುಗಿಸುವಂತಿಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಪುಟ್ಟ ಲಿವರ್ ಒತ್ತಬೇಕು. ಆ ಬೆಳಿಗ್ಗೆ ಪ್ರತಿ ಗಾಡಿಯ ಮುಂದೂ ತೆಂಗಿನ ಗರಿಯ ಪುಟ್ಟ ದೊನ್ನೆಯಲ್ಲಿ ಹೂವಿಟ್ಟು ಪೂಜೆ ಮಾಡಿದ್ದರಂತೆ. ಬಾಲಿಯ ಹಿಂದೂಗಳು ತುಂಪೆಕ್ ಲಂದೆಪ್ ಎಂಬ ದಿನ ಲೋಹದ ಸಾಮಾನು, ವಾಹನಗಳಿಗೆಲ್ಲ ಪೂಜೆ ಸಲ್ಲಿಸುತ್ತಾರೆ, ನಮ್ಮ ಆಯುಧಪೂಜೆಯ ಹಾಗೆ. ಭಾವನ ತಾಯಿಗೆ ಅದನ್ನು ನೋಡಿ ಧೈರ್ಯ ಬಂತು. ಅವರು ಸವಾರಿಗೆ ಹೋಗಲಿಲ್ಲ, ಶೆಡ್ಡಿನಲ್ಲೇ ಕೂತರು.

ಎರಡು ಗಾಡಿಗಳ ಬಾಡಿಗೆಗೆ ಹೋಲಿಸಿದರೆ ಇಬ್ಬರಿಗೊಂದು ಗಾಡಿಯ ದರ ಸಾಕಷ್ಟು ಕಡಿಮೆ. ತಂಗಿಗೆ ಸ್ಕೂಟರ್ ಓಡಿಸಲು ಬರುತ್ತದೆ, ಆದರೂ "ನಾನು ಹಿಂದೆ ಕೂರ್ತೀನಿ ಬಿಡಿ" ಅಂದಳು. ಹುಡುಗಿಯನ್ನು ಕೊನೆಯಲ್ಲಿ ಬರುವ ಗೈಡ್ ತನ್ನ ಹಿಂದೆ ಕೂರಿಸಿಕೊಂಡ. ಮುಂದೆ ಒಬ್ಬ ಗೈಡ್, ನಡುವೆ ಪ್ರವಾಸಿಗರ ಗಾಡಿಗಳು, ಹಿಂದೆ ಇನ್ನೊಬ್ಬ ಗೈಡ್. ಹಿಂದಿನ ಗೈಡ್ ಎದೆಗೆ ಕ್ಯಾಮೆರಾ ಕಟ್ಟಿಕೊಂಡಿದ್ದ. ಸವಾರಿ ಮುಗಿದ ಮೇಲೆ ವಿಡಿಯೊ ಮಾರುವುದು ಅವರ ವ್ಯಾಪಾರದ ಒಂದು ಭಾಗ. ನಮಗೆ ಸಾಕ್ಷಿಯಾಗಿ ಸಿಕ್ಕಿದ್ದು ಅದೇ ವಿಡಿಯೊ.

ವಿಡಿಯೊದಲ್ಲಿ ಕಾಣುವುದು

ಹಳ್ಳ ದಾಟಿದ ಕೂಡಲೇ ದಾರಿ ಬಲಕ್ಕೆ ತಿರುಗುತ್ತ ಮೇಲೇರುತ್ತದೆ. ಬಲಗಡೆ ಬಿದಿರುಮೆಳೆಯ ದಿಬ್ಬ, ಮಣ್ಣಿನಿಂದ ಹೊರಬಂದ ಬೇರುಗಳು. ಎಡಗಡೆ ಸ್ವಲ್ಪ ಇಳಿಜಾರಿನ ಹುಲ್ಲು. ಮುಂದಿನ ಗಾಡಿಗಳು ಒಂದೊಂದೇ ಹತ್ತಿಹೋಗಿ ಎರಡು ಆಳವಾದ ಜಾಡು ಬಿದ್ದಿದೆ, ಜಾಡಿನಲ್ಲಿ ನೀರು.

ಭಾವ ಹಳ್ಳದಿಂದ ಮೇಲೆ ಬರುವಾಗ ನೆಟ್ಟಗೆ ಕೂತಿದ್ದಾರೆ, ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಾರೆ. ಗಾಡಿ ತಿರುಗುವುದಿಲ್ಲ. ಹ್ಯಾಂಡಲ್ ಬಲಕ್ಕಿದೆ, ಮುಂದಿನ ಚಕ್ರಗಳು ಕೆಸರಿನಲ್ಲಿ ಜಾರುತ್ತ ನೇರ ಹೋಗುತ್ತಿವೆ. ಅವರು ಇನ್ನಷ್ಟು ತಿರುಗಿಸುತ್ತಾರೆ. ಆಗ ಜಾಡು ಮುಗಿದು ಗಟ್ಟಿ ನೆಲ ಸಿಗುತ್ತದೆ, ಚಕ್ರಗಳು ಒಮ್ಮೆಲೇ ಕಚ್ಚಿ ಗಾಡಿ ಚಕ್ಕನೆ ಬಲಕ್ಕೆ ನುಗ್ಗುತ್ತದೆ. ಬಲ ಮುಂಚಕ್ರ ಬಿದಿರಿನ ಬೇರು ಹತ್ತುತ್ತದೆ. ಬಲಗಡೆ ಎದ್ದು ಗಾಡಿ ಎಡಕ್ಕೆ ವಾಲುತ್ತದೆ.

ಇಲ್ಲಿಂದ ಮುಂದಿನದು ಎರಡು ಸೆಕೆಂಡಿನ ಕಥೆ. ನಿಧಾನಗತಿಯಲ್ಲಿ ನೋಡಿದರೆ ಮೂರು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಭಾವನ ಎಡಗಾಲು ಫುಟ್‌ರೆಸ್ಟ್ ಬಿಟ್ಟು ನೆಲಕ್ಕೆ ಹೋಗುತ್ತದೆ. ಬಲಗೈಯ ನಾಲ್ಕೂ ಬೆರಳು ಬ್ರೇಕ್ ಲಿವರ್ ಹಿಡಿಯುತ್ತವೆ, ಆದರೆ ಹೆಬ್ಬೆರಳೂ ಬಿಗಿಯುತ್ತದೆ. ಇಂಜಿನ್ನಿನ ದನಿ ಒಮ್ಮೆಲೇ ಏರುವುದು ವಿಡಿಯೊದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಗಂಡನ ಸೊಂಟ ಹಿಡಿದು ಕೂತಿದ್ದ ತಂಗಿ ಅವರ ಜೊತೆಗೇ ಎಡಕ್ಕೆ ಬಾಗುತ್ತಾಳೆ. ಗಾಡಿ ಬೇರಿನ ಮೇಲೆ ಇನ್ನೊಂದಡಿ ಹತ್ತಿ ಮಗುಚುತ್ತದೆ. ತಂಗಿ ಎಡಭುಜದ ಮೇಲೆ ಬೀಳುತ್ತಾಳೆ. ಕ್ಯಾಮೆರಾದ ಹಿಂದಿನಿಂದ ಮಗಳು "ಅಮ್ಮಾ" ಎಂದು ಕಿರುಚುವುದು ಕೇಳುತ್ತದೆ. ಅಲ್ಲಿಂದ ಮುಂದೆ ನೋಡಲು ನನಗೆ ಈಗಲೂ ಆಗುವುದಿಲ್ಲ.

ಕಾಲು ಯಾಕೆ ಕೆಳಗೆ ಹೋಯಿತು

ಸ್ಕೂಟರ್ ನಿಧಾನವಾದಾಗ, ವಾಲಿದಾಗ, ಹೊಂಡದಲ್ಲಿ ಹಿಡಿತ ತಪ್ಪಿದಾಗ ನಾವು ಮಾಡುವ ಮೊದಲ ಕೆಲಸ ಕಾಲು ಕೊಡುವುದು. ಯೋಚಿಸಿ ಮಾಡುವುದಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ ತಳ್ಳುಗಾಡಿ, ಹಸು, ಆಟೋಗಳ ನಡುವೆ ದಿನಕ್ಕೆ ನೂರು ಸಲ ಆ ಕಾಲು ಕೆಳಗೆ ಹೋಗಿ ಮೇಲೆ ಬಂದಿರುತ್ತದೆ. ಸ್ಕೂಟರಿನಲ್ಲಿ ಅದು ಸರಿಯೂ ಹೌದು. ನೂರು ಕೆ.ಜಿ. ಗಾಡಿಯ ವಾಲುವಿಕೆಯನ್ನು ಒಂದು ಕಾಲು ತಡೆಯಬಲ್ಲದು, ಹಿಂದಿನ ಚಕ್ರ ನಮ್ಮ ಕಾಲಿನ ದಾರಿಗೆ ಬರುವುದಿಲ್ಲ.

ಎಟಿವಿಯಲ್ಲಿ ಕಾಲಿಡುವ ಜಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ಅವುಗಳ ಹೊರ ಅಂಚಿಗಿಂತ ಒಳಗೆ ಇರುತ್ತದೆ. ಕಾಲು ನೆಲಕ್ಕೆ ಹೋದರೆ ಅದು ಹಿಂದಿನ ಚಕ್ರದ ನೇರ ಮುಂದೆ ಇರುತ್ತದೆ. ಗಾಡಿ ಮುಂದೆ ಚಲಿಸುತ್ತಿದ್ದರೆ ಚಕ್ರ ಹಿಮ್ಮಡಿಯನ್ನು ಹಿಡಿದು ಕೆಳಗೆ ಎಳೆದುಕೊಳ್ಳುತ್ತದೆ. ಭಾವನಿಗೆ ಆದದ್ದು ಇದೇ. ಕೆಸರು ಮೆತ್ತಗಿತ್ತು, ಬೂಟು ಹಾಕಿಸಿದ್ದರು, ಹಾಗಾಗಿ ಮೂಳೆ ಉಳಿಯಿತು. ಇನ್ನೂರು ಕೆ.ಜಿ. ಗಾಡಿ, ಮೇಲೆ ಇಬ್ಬರ ಭಾರ, ಒಮ್ಮೆ ಮಗುಚಲು ಶುರುವಾದರೆ ಯಾವ ಕಾಲಿನಿಂದಲೂ ತಡೆಯಲಾಗದು. ಎಟಿವಿ ಕಲಿಸುವವರು ಒತ್ತಿ ಹೇಳುವ ಪಾಠ ಇದು: ಏನೇ ಆಗಲಿ, ಎರಡೂ ಪಾದ ಫುಟ್‌ರೆಸ್ಟ್ ಮೇಲೇ ಇರಬೇಕು.

ಹೆಬ್ಬೆರಳಿನ ವಿಷಯವೂ ಇದೇ ಜಾತಿಯದು. ಗಾಬರಿಯಾದಾಗ ಕೈ ಬಿಗಿಯುತ್ತದೆ. ಸ್ಕೂಟರಿನಲ್ಲಿ ಬ್ರೇಕ್ ಹಿಡಿಯಲು ಬೆರಳು ಚಾಚಿದಾಗ ಮಣಿಕಟ್ಟು ಮುಂದಕ್ಕೆ ಬಂದು ಎಕ್ಸಲೇಟರ್ ತಾನಾಗಿ ಬಿಡುಗಡೆಯಾಗುವುದನ್ನು ನಮ್ಮ ಕೈ ರೂಢಿ ಮಾಡಿಕೊಂಡಿರುತ್ತದೆ. ಹೆಬ್ಬೆರಳಿಗೆ ಅಲ್ಲಿ ಹಿಡಿ ಸುತ್ತಿಕೊಳ್ಳುವುದು ಬಿಟ್ಟು ಬೇರೆ ಕೆಲಸವಿಲ್ಲ. ಎಟಿವಿಯಲ್ಲಿ ಹಿಡಿಯನ್ನು ಬಿಗಿಯಾಗಿ ಸುತ್ತಿಕೊಂಡರೆ ಲಿವರ್ ಒತ್ತಿಕೊಳ್ಳುತ್ತದೆ. ಬ್ರೇಕೂ ಎಕ್ಸಲೇಟರೂ ಒಟ್ಟಿಗೆ ಬಿದ್ದಾಗ ಏರಿನ ಮೇಲೆ ಗಾಡಿ ಏನು ಮಾಡುತ್ತದೆಂದು ಹೇಳಲಾಗದು. ಇಲ್ಲಿ ಅದು ಬೇರು ಹತ್ತಿತು.

ಇನ್ನು ತಿರುವು. ಬೈಕಿನಲ್ಲಿ ನಾವು ಮತ್ತು ಗಾಡಿ ಒಂದೇ ದೇಹದಂತೆ ಒಳಗಡೆಗೆ ವಾಲುತ್ತೇವೆ, ತಿರುವು ತಾನಾಗಿ ಬರುತ್ತದೆ. ನಾಲ್ಕು ಚಕ್ರದ ಗಾಡಿ ವಾಲುವುದಿಲ್ಲ. ಅದರಲ್ಲೂ ಇಂಥ ಸಣ್ಣ ಎಟಿವಿಗಳ ಹಿಂದಿನ ಎರಡು ಚಕ್ರಗಳನ್ನು ಬಹಳಷ್ಟು ಸಲ ಒಂದೇ ಗಟ್ಟಿ ಅಚ್ಚು ಜೋಡಿಸಿರುತ್ತದೆ. ಕಾರಿನಲ್ಲಿರುವಂತೆ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಹೋಗಬೇಕು, ಒಳಚಕ್ರ ಕಡಿಮೆ. ಎರಡೂ ಒಂದೇ ವೇಗದಲ್ಲಿ ಸುತ್ತಿದರೆ ಗಾಡಿ ನೇರ ಹೋಗಲು ಹಟ ಹಿಡಿಯುತ್ತದೆ. ಒಳಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಸ್ವಲ್ಪ ಜಾರಿದರೆ ಮಾತ್ರ ಗಾಡಿ ತಿರುಗುತ್ತದೆ. ಅದಕ್ಕೆ ಸವಾರ ಹೊರಗಡೆಯ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಮೇಲಿನ ಮೈಯನ್ನು ಮುಂದಕ್ಕೂ ಒಳಗಡೆಗೂ ಬಾಗಿಸಬೇಕು. ಕಾಲಿಗೆ ಒಂದು ಕೆಲಸ, ಎದೆಗೆ ಇನ್ನೊಂದು. ಬೈಕಿನವರ ಮೈಗೆ ಇದು ಪೂರ್ತಿ ಹೊಸ ಭಾಷೆ. ಭಾವ ನೆಟ್ಟಗೆ ಕೂತು ಹ್ಯಾಂಡಲ್ ಮಾತ್ರ ತಿರುಗಿಸಿದ್ದು, ಗಾಡಿ ಕೇಳದಿದ್ದಾಗ ಇನ್ನಷ್ಟು ತಿರುಗಿಸಿದ್ದು, ಕೊನೆಗೆ ಅದು ಒಮ್ಮೆಲೇ ಕೇಳಿದ್ದು ಎಲ್ಲವೂ ಇದರ ಪರಿಣಾಮ.

ಹಿಂದೆ ಕೂತವರ ಭಾರ

ನಮ್ಮಲ್ಲಿ ಹಿಂದೆ ಕೂರುವವರಿಗೆ ಕಲಿಸುವ ಒಂದೇ ಶಿಸ್ತು ಅಲ್ಲಾಡಬೇಡ ಎನ್ನುವುದು. ತಂಗಿ ಆ ಶಿಸ್ತಿನಲ್ಲಿ ಪಳಗಿದವಳು. ಗಂಡ ವಾಲಿದ ಕಡೆ ವಾಲುವುದು, ಸೊಂಟ ಹಿಡಿದು ಸುಮ್ಮನೆ ಕೂರುವುದು. ಎಟಿವಿಯಲ್ಲಿ ಗಾಡಿ ಎಡಕ್ಕೆ ವಾಲಿದಾಗ ಅವಳ ಮೈ ಬಲಕ್ಕೆ, ದಿಬ್ಬದ ಕಡೆಗೆ ಹೋಗಬೇಕಿತ್ತು. ಸೊಂಟ ಹಿಡಿದಿದ್ದರಿಂದ ಅದು ಸಾಧ್ಯವೂ ಇರಲಿಲ್ಲ. ಇಬ್ಬರ ಭಾರವೂ ಮಗುಚುವ ಕಡೆಗೇ ಸೇರಿತು.

ಒಂದು ಅಂದಾಜು ಲೆಕ್ಕ ಹಾಕಿದೆ. ಗಾಡಿ 200 ಕೆ.ಜಿ., ಅದರ ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ, ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಮುಂದೆ. ಚಾಲಕ 75 ಕೆ.ಜಿ., ಅವರ ಭಾರ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಹಿಂದಿನ ಅಚ್ಚಿಗಿಂತ 35 ಸೆಂ.ಮೀ. ಮುಂದೆ. ಚಾಲಕ ಒಬ್ಬನೇ ಇದ್ದರೆ, ನಿಂತ ಗಾಡಿ ಹಿಮ್ಮುಖವಾಗಿ ಮಗುಚಲು ಸುಮಾರು 42 ಡಿಗ್ರಿಯ ಏರು ಬೇಕು. ಈಗ 60 ಕೆ.ಜಿ.ಯ ಇನ್ನೊಬ್ಬರನ್ನು ಹಿಂದಿನ ಅಚ್ಚಿನ ಹತ್ತು ಸೆಂ.ಮೀ. ಹಿಂದೆ, ಸ್ವಲ್ಪ ಎತ್ತರದ ಸೀಟಿನಲ್ಲಿ ಕೂರಿಸಿ. ಆ ಕೋನ 32 ಡಿಗ್ರಿಗೆ ಇಳಿಯುತ್ತದೆ. ಎಕ್ಸಲೇಟರ್ ಒತ್ತಿದರೆ ಇನ್ನೂ ಕಡಿಮೆ. ಚಕ್ರಗಳ ನಡುವಿನ ಅಗಲ 90 ಸೆಂ.ಮೀ. ಎಂದಿಟ್ಟುಕೊಂಡರೆ ಪಕ್ಕಕ್ಕೆ ಮಗುಚುವ ಕೋನ 37ರಿಂದ 33, 34ರ ಆಸುಪಾಸಿಗೆ ಬರುತ್ತದೆ. ಕಾಗದದ ಮೇಲೆ ಇದು ಸಣ್ಣ ಇಳಿಕೆ. ಆದರೆ ಮುಂದಿನ ಚಕ್ರಗಳ ಮೇಲಿನ ಭಾರ ಗಣನೀಯವಾಗಿ ಇಳಿಯುತ್ತದೆ, ಮತ್ತು ತಿರುಗಿಸುವುದು ಮುಂದಿನ ಚಕ್ರಗಳೇ. ಏರಿನಲ್ಲಿ ಅವು ಇನ್ನಷ್ಟು ಹಗುರಾಗುತ್ತವೆ. ಕೆಸರಿನಲ್ಲಿ ಗಾಡಿ ಬಲಕ್ಕೆ ತಿರುಗದೆ ನೇರ ಜಾರಿದ್ದರಲ್ಲಿ ತಂಗಿ ಕೂತ ಜಾಗದ ಪಾಲೂ ಇದೆ. ತಪ್ಪು ಅವಳದ್ದಲ್ಲ, ಕೂರಿಸಿದ ವ್ಯವಸ್ಥೆಯದ್ದು.

ಎಟಿವಿ ತಯಾರಕರು ಇದನ್ನು ಬಲ್ಲರು. ಬಹುತೇಕ ಮಾದರಿಗಳು ಒಬ್ಬರಿಗಾಗಿಯೇ ಆದವು, ಉದ್ದನೆಯ ಸೀಟು ಇರುವುದು ಸವಾರ ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಲೆಂದು. ಇನ್ನೊಬ್ಬರನ್ನು ಕೂರಿಸಬೇಡಿ ಎಂಬ ಎಚ್ಚರಿಕೆ ಗಾಡಿಯ ಮೇಲೇ ಅಂಟಿಸಿರುತ್ತಾರೆ. ಇಬ್ಬರಿಗಾಗಿ ಮಾಡಿದ ಮಾದರಿಗಳೂ ಇವೆ. ಅವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳ ಅಂತರ ಹೆಚ್ಚು, ಹಿಂದೆ ಕೂತವರಿಗೆ ಬೇರೆ ಸೀಟು, ಬೇರೆ ಹಿಡಿ, ಬೇರೆ ಫುಟ್‌ರೆಸ್ಟ್ ಇರುತ್ತದೆ. ವಿಡಿಯೊದ ಗಾಡಿಯಲ್ಲಿ ಇದ್ದದ್ದು ಸಾಮಾನು ಕಟ್ಟುವ ಹಿಂದಿನ ಕ್ಯಾರಿಯರ್ ಮೇಲೆ ಬಿಗಿದ ಒಂದು ಮೆತ್ತೆ.

ಇದೇನೂ ಹೊಸ ಸಮಸ್ಯೆಯಲ್ಲ. 1970ರಲ್ಲಿ ಹೋಂಡಾ ಮೂರು ಚಕ್ರದ ಎಟಿವಿಯನ್ನು ಮಾರುಕಟ್ಟೆಗೆ ತಂದಿತು. ಅವು ತಿರುವಿನಲ್ಲಿ ಎಷ್ಟು ಮಗುಚಿದವೆಂದರೆ, 1988ರಲ್ಲಿ ಅಮೆರಿಕ ಸರ್ಕಾರದೊಂದಿಗಿನ ಒಪ್ಪಂದದಂತೆ ತಯಾರಕರು ಅಲ್ಲಿ ಹೊಸ ಮೂರು ಚಕ್ರದ ಗಾಡಿ ಮಾರುವುದನ್ನೇ ನಿಲ್ಲಿಸಬೇಕಾಯಿತು. ಸುಜುಕಿ 1982ರಲ್ಲೇ ನಾಲ್ಕು ಚಕ್ರದ್ದನ್ನು ತಂದಿತ್ತು, ಅದೇ ಉಳಿದುಕೊಂಡಿತು. ಆಸ್ಟ್ರೇಲಿಯಾದಲ್ಲಿ ರೈತರು ಹೊಲದಲ್ಲಿ ಕ್ವಾಡ್ ಮಗುಚಿ ಅಡಿಯಲ್ಲಿ ಸಿಕ್ಕಿ ಸಾಯುವುದು ನಿಲ್ಲದಿದ್ದಾಗ ಅಲ್ಲಿನ ಸರ್ಕಾರ 2021ರ ಅಕ್ಟೋಬರ್‌ನಿಂದ ಹೊಸ ಕೃಷಿ ಕ್ವಾಡ್‌ಗಳಿಗೆ ಸವಾರನನ್ನು ಕಾಯುವ ಕಂಬಿಯನ್ನೂ ಕನಿಷ್ಠ ಸ್ಥಿರತೆಯನ್ನೂ ಕಡ್ಡಾಯ ಮಾಡಿತು. ಕೆಲವು ದೊಡ್ಡ ಕಂಪನಿಗಳು ಒಪ್ಪದೆ ಅಲ್ಲಿ ಮಾರಾಟವನ್ನೇ ಬಿಟ್ಟವು. ಪ್ರವಾಸಿ ತಾಣಗಳಲ್ಲಿ ಈ ಕಂಬಿ ಇರುವ ಗಾಡಿ ಸಿಗುವುದು ಅಪರೂಪ.

ಶೆಡ್ಡಿನ ಮುಂದಿನ ಹತ್ತು ನಿಮಿಷ

ತರಬೇತಿ ಕೊಟ್ಟಿದ್ದರು. ಸ್ಟಾರ್ಟ್ ಇಲ್ಲಿ, ಬ್ರೇಕ್ ಇಲ್ಲಿ, ಹೆಬ್ಬೆರಳಿಂದ ಒತ್ತಿ, ಮುಂದಿನ ಗಾಡಿಯಿಂದ ದೂರ ಇರಿ, ಗೈಡ್ ಕೈ ಎತ್ತಿದರೆ ನಿಲ್ಲಿಸಿ. ಗೈಡ್ ಭಾವನನ್ನು "ಬೈಕ್ ಓಡಿಸ್ತೀರಾ?" ಎಂದು ಕೇಳಿದ. ಇವರು ಇಪ್ಪತ್ತು ವರ್ಷದಿಂದ ಅಂದರು. "ಹಾಗಾದ್ರೆ ಸುಲಭ" ಅಂದು ಹೆಬ್ಬೆರಳು ಎತ್ತಿ ತೋರಿಸಿದ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ತಿರುವು ಈ ಮಾತು. ಕೇಳಿದ ಪ್ರಶ್ನೆ ಒಳ್ಳೆಯದು, ಉತ್ತರದಿಂದ ತೆಗೆದ ತೀರ್ಮಾನ ತಿರುಗುಮುರುಗು. ಬೈಕ್ ಬಲ್ಲವರಿಗೆ ಮೊದಲು ಹೇಳಬೇಕಾದದ್ದು ಕಾಲು ಕೆಳಗಿಡಬೇಡಿ ಎಂದು. ಏನೂ ಓಡಿಸದವರಿಗೆ ಅದನ್ನು ಅಷ್ಟು ಒತ್ತಿ ಹೇಳಬೇಕಾಗಿಲ್ಲ, ಅವರ ಕಾಲಿಗೆ ಆ ಚಾಳಿಯೇ ಇರುವುದಿಲ್ಲ.

ಗೈಡ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಹಳ್ಳಿಗಳ ಹುಡುಗರು, ದಿನಕ್ಕೆ ನಾಲ್ಕೈದು ಸುತ್ತು, ಹತ್ತು ದೇಶದ ಜನ, ಅರ್ಧಂಬರ್ಧ ಇಂಗ್ಲಿಷ್. ಬಿದ್ದ ಮೇಲೆ ಅವರು ನಡೆದುಕೊಂಡ ರೀತಿ ಮಾತ್ರ ನೆನೆಯುವಂಥದ್ದು. ಮೊದಲು ಇಂಜಿನ್ ಬಂದ್ ಮಾಡಿದರು. ತಂಗಿಯನ್ನು ಕೈಹಿಡಿದು ಎಬ್ಬಿಸಲಿಲ್ಲ, ಮಲಗಿದಲ್ಲೇ ಕತ್ತು ನೋಯುತ್ತದೆಯೇ, ಕಾಲ್ಬೆರಳು ಅಲ್ಲಾಡುತ್ತದೆಯೇ ಎಂದು ಕೇಳಿದರು. ಒಬ್ಬ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋಳನ್ನು ಎದೆಗೆ ಕಟ್ಟಿದ. ಗದ್ದೆಯಲ್ಲಿದ್ದ ಹೆಂಗಸೊಬ್ಬರು ಬಂದು ಹುಡುಗಿಯನ್ನು ಅಪ್ಪಿ ಕೂತರು. ಮಾತು ಒಂದೂ ತಿಳಿಯಲಿಲ್ಲ, ಆದರೂ ಅವಳ ಅಳು ನಿಂತಿತು.

ಆ ಹತ್ತು ನಿಮಿಷದಲ್ಲಿ ಬೇರೇನು ಆಗಬಹುದಿತ್ತು? ಸಪಾಟು ಜಾಗದಲ್ಲಿ ಒಂದು ಎಂಟರ ಆಕಾರದ ಸುತ್ತು ಹಾಕಿಸಬಹುದಿತ್ತು. ಮೈ ಬಾಗಿಸದೆ ತಿರುಗಿಸಿದರೆ ಗಾಡಿ ಕೇಳುವುದಿಲ್ಲ ಎಂದು ಎರಡೇ ತಿರುವಿನಲ್ಲಿ ಗೊತ್ತಾಗುತ್ತದೆ. ಎಟಿವಿಗಳ ಎಕ್ಸಲೇಟರ್ ಬಳಿ ಸಾಮಾನ್ಯವಾಗಿ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ಹೆಬ್ಬೆರಳು ಎಷ್ಟು ಒತ್ತಬಹುದು ಎಂಬುದಕ್ಕೆ ಮಿತಿ ಹಾಕಬಹುದು, ಹೊಸಬರಿಗೆ ಅದನ್ನು ಬಿಗಿ ಮಾಡಿ ಕೊಡಬಹುದು. ಆ ಏರಿನ ಬುಡದಲ್ಲಿ ಗೈಡ್ ನಿಂತು ಹಿಂದೆ ಕೂತವರನ್ನು ಇಳಿಸಿ, ನಡೆದು ಹತ್ತಿ ಬನ್ನಿ ಎನ್ನಬಹುದಿತ್ತು. ಮಳೆ ಬಂದ ದಿನ ಇದಿಷ್ಟೇ ಸಾಕಿತ್ತು ಎಂಬುದು ನನ್ನ ಲೆಕ್ಕ. ಕೆಸರಿನ ಖುಷಿಗೂ ಕುಂದಾಗುತ್ತಿರಲಿಲ್ಲ.

ಹುಡುಗಿಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅವಳಿಗೆ ಏನೂ ಆಗಲಿಲ್ಲ, ಆದರೆ ಅವಳು ಕೂತಿದ್ದೂ ಅಂಥದೇ ಮೆತ್ತೆಯ ಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿ ಹತ್ತಲೇಬಾರದು ಎನ್ನುತ್ತದೆ. ಮಕ್ಕಳ ಮೈಭಾರ ಗಾಡಿಯನ್ನು ಸರಿದೂಗಿಸಲು ಸಾಲದು, ಅಪಾಯ ಅಳೆಯುವ ಬುದ್ಧಿಯೂ ಇನ್ನೂ ಬಲಿತಿರುವುದಿಲ್ಲ.

ಬಾಟೂರಿನ ಜೀಪು

ಮರುದಿನ ಮಾಡಬೇಕೆಂದಿದ್ದ ಜೀಪ್ ಸವಾರಿಯನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಆಯ್ಕೆ ಅಲ್ಲಿತ್ತು. ಕಿಂತಾಮಣಿಯ ಬಾಟೂರ್ 1,717 ಮೀಟರ್ ಎತ್ತರದ ಜೀವಂತ ಜ್ವಾಲಾಮುಖಿ. 1926ರ ಸ್ಫೋಟದಲ್ಲಿ ಬಾಟೂರ್ ಹಳ್ಳಿ ಲಾವಾದಡಿ ಹೋಗಿ, ಊರೂ ದೇವಸ್ಥಾನವೂ ಮೇಲಿನ ಅಂಚಿಗೆ ಸ್ಥಳಾಂತರವಾದವು. ಈಗ ನಸುಕಿನಲ್ಲಿ ಹಳೆಯ ಲ್ಯಾಂಡ್ ಕ್ರೂಸರ್, ಜಿಮ್ನಿಗಳು ಸೂರ್ಯೋದಯ ತೋರಿಸಲು ಪ್ರವಾಸಿಗರನ್ನು ಬೆಟ್ಟದ ಮೈಗೆ ಕರೆದೊಯ್ಯುತ್ತವೆ, ಆಮೇಲೆ ಕಪ್ಪು ಲಾವಾ ಬಯಲಿನಲ್ಲಿ ಸುತ್ತಿಸುತ್ತವೆ. ಮಂಡಿನೋವಿನ ಹಿರಿಯರೂ ಹೋಗಬಹುದು. ಓಡಿಸುವವರು ಆ ದಾರಿಯಲ್ಲೇ ಬೆಳೆದ ಚಾಲಕರು. ಅಲ್ಲೂ ಅಪಾಯಗಳಿವೆ. ಹಳೆಯ ಜೀಪುಗಳ ಹಿಂದಿನ ಸೀಟಿಗೆ ಬೆಲ್ಟ್ ಇರುವುದು ಅಪರೂಪ, ಫೋಟೊಗಾಗಿ ಚಾವಣಿ ಹತ್ತಿ ಕೂರುವವರೂ ಇದ್ದಾರೆ. ಆದರೂ ಮನೆಮಂದಿ ಒಂದೇ ಒರಟು ದಾರಿ ಸವಾರಿ ಆರಿಸಿಕೊಳ್ಳುವುದಾದರೆ, ಹ್ಯಾಂಡಲ್ ತಮ್ಮ ಕೈಯಲ್ಲಿಲ್ಲದ ಸವಾರಿಯನ್ನೇ ನಾನು ಹೇಳುತ್ತೇನೆ. ತಾವೇ ಓಡಿಸಬೇಕೆಂಬ ಆಸೆ ಇದ್ದರೆ, ಪಕ್ಕಪಕ್ಕ ಕೂರುವ, ಸುತ್ತ ಕಂಬಿ ಮತ್ತು ಸೀಟ್ ಬೆಲ್ಟ್ ಇರುವ ಬಗ್ಗಿ ಮಾದರಿಯ ಯುಟಿವಿ ಕೇಳಿ. ಅದರಲ್ಲಿ ಸ್ಕೂಟರಿನ ಕಾಲಿಗೆ ಹೊರಬರಲು ಜಾಗವಿಲ್ಲ. ಮಗುಚುವಾಗ ಕೈ ಹೊರಗೆ ಚಾಚದಿದ್ದರೆ ಸಾಕು.

ಆಸ್ಪತ್ರೆ, ವಿಮೆ

ಪಿಕಪ್ ಗಾಡಿಯಲ್ಲಿ ಆಸ್ಪತ್ರೆಗೆ ಹೋದರು. ಎಕ್ಸ್‌ರೇಯಲ್ಲಿ ಮೂಳೆಯ ನಡುಭಾಗ ಮುರಿದದ್ದು ಕಂಡಿತು, ಕಾಲರ್ ಬೋನ್ ಹೆಚ್ಚಾಗಿ ಮುರಿಯುವುದೇ ಅಲ್ಲಿ. ತುಂಡುಗಳು ಒಂದರ ಮೇಲೊಂದು ಏರಿ ಮೂಳೆ ಎರಡು ಸೆಂ.ಮೀ.ಗಿಂತ ಹೆಚ್ಚು ಗಿಡ್ಡವಾಗಿತ್ತು. ಸ್ಲಿಂಗ್ ಹಾಕಿ, ನೋವಿನ ಮಾತ್ರೆ ಕೊಟ್ಟು, ಊರಿಗೆ ಹೋಗಿ ಶಸ್ತ್ರಚಿಕಿತ್ಸೆಯ ಬಗ್ಗೆ ನಿರ್ಧರಿಸಿ ಎಂದು ವೈದ್ಯರು ಬರೆದುಕೊಟ್ಟರು. ವಿಮಾನದಲ್ಲಿ ಎಡಭುಜ ದಾರಿಯ ಕಡೆ ಬರದಂತೆ ಕಿಟಕಿ ಪಕ್ಕದ ಎಡ ಸಾಲಿನ ಸೀಟು ಕೇಳಿ ಪಡೆದರು. ಇದನ್ನು ಹೇಳಿಕೊಟ್ಟಿದ್ದು ಅಲ್ಲಿನ ನರ್ಸ್. ಊರಿಗೆ ಬಂದ ವಾರದಲ್ಲಿ ಪ್ಲೇಟ್ ಹಾಕಿಸಿಕೊಂಡಳು.

ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆಗಳಿಗೆ ರಕ್ಷಣೆ ಇರಲಿಲ್ಲ. ನಮ್ಮಲ್ಲಿ ಮಾರುವ ಬಹಳಷ್ಟು ಮೂಲ ಪಾಲಿಸಿಗಳು ಹೀಗೇ. ಪುಣ್ಯಕ್ಕೆ ಭಾವ ಟಿಕೆಟ್ ಮಾಡುವಾಗ ಅದನ್ನು ಸೇರಿಸುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರು. ಅದರಲ್ಲೂ ಷರತ್ತು: ಹವ್ಯಾಸಕ್ಕಾಗಿ ಮಾತ್ರ, ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ, ಸುರಕ್ಷಾ ಸಾಧನ ಧರಿಸಿ. ವಿಮಾ ಕಂಪನಿ ಪುರಾವೆ ಕೇಳಿತು. ಸವಾರಿಗೆ ಮುಂಚೆ ಸಹಿ ಹಾಕಿದ್ದ ಜವಾಬ್ದಾರಿ ಮನ್ನಾ ಪತ್ರದ ಪ್ರತಿ ಇವರ ಬಳಿ ಇರಲಿಲ್ಲ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಎರಡು ವಾರದ ಇಮೇಲ್ ಓಡಾಟ ಉಳಿಯುತ್ತಿತ್ತು. ಕೊನೆಗೆ ನೆರವಾದದ್ದು ಅದೇ ವಿಡಿಯೊ. ಇಬ್ಬರ ತಲೆಯಲ್ಲೂ ಹೆಲ್ಮೆಟ್, ಗಲ್ಲದ ಪಟ್ಟಿ ಬಿಗಿದಿರುವುದು, ಮುಂದೆ ಗೈಡ್, ಹಿಂದೆ ಗೈಡ್, ಎಲ್ಲ ಅದರಲ್ಲಿತ್ತು. ಬಾಲಿಯ ಆಸ್ಪತ್ರೆಯ ಖರ್ಚು, ನಾವೇ ಭರಿಸಬೇಕಾದ ಮೊದಲ ಮೊತ್ತ ಕಳೆದು, ವಾಪಸ್ ಬಂತು. ಊರಿನ ಶಸ್ತ್ರಚಿಕಿತ್ಸೆಗೆ ಆ ಪಾಲಿಸಿ ಅನ್ವಯಿಸಲಿಲ್ಲ, ಅದಕ್ಕೆ ಮನೆಯ ಆರೋಗ್ಯ ವಿಮೆ ಬಳಸಿದರು.

ತಂಗಿಯ ಕೈ ಈಗ ತಲೆಯ ಮೇಲಕ್ಕೆ ಪೂರ್ತಿ ಏಳುತ್ತದೆ. ಮಗಳಿಗೆ ಬೇಸಿಗೆ ರಜೆಯಲ್ಲಿ ಸಕಲೇಶಪುರಕ್ಕೆ ಹೋಗುವ ಆಸೆ, ಅಲ್ಲಿಯೂ ಕ್ವಾಡ್ ಬೈಕ್ ಇದೆಯೆಂದು ಅವಳಿಗೆ ಗೊತ್ತು. ಹದಿನಾರು ತುಂಬುವ ತನಕ ಇಲ್ಲ ಎಂದು ತಂಗಿ ಹೇಳಿಯಾಗಿದೆ. ಭಾವ ಹೋಗುತ್ತಾರೆ, ಒಬ್ಬರೇ ಕೂತು, ಮೊದಲು ಸಪಾಟು ಅಂಗಳದಲ್ಲಿ ಎಂಟರ ಸುತ್ತು ಹಾಕಲು ಬಿಟ್ಟರೆ ಮಾತ್ರ. ಅದನ್ನು ರೆಸಾರ್ಟಿಗೆ ಫೋನ್ ಮಾಡಿ ಮೊದಲೇ ಕೇಳಿಕೊಂಡಿದ್ದಾರೆ.